ಕೈಕೆಲಸ ಕಾಣದೆ ಕಸುಬು ಅಳೆಯುವ ಪರೀಕ್ಷೆ

ಪರೀಕ್ಷೆ ಬರೆಯುವವರು ದಾವಣಗೆರೆಯ ನಿಟ್ಟುವಳ್ಳಿಯ ಮನೆಯೊಂದರ ಕೋಣೆಯಲ್ಲಿ, ಕಾವಲಿರುವವರು ಇನ್ನಾವುದೋ ಊರಿನ ಪರದೆಯ ಮುಂದೆ. ಮೇಜಿನ ಮೇಲೆ ಪುಸ್ತಕ, ಕಾಗದ, ಪೆನ್ನು ಇರಕೂಡದು. ಶುರುವಾಗುವ ಮೊದಲೇ ಕೋಣೆಯ ನಾಲ್ಕೂ ಕಡೆಯ ಫೋಟೊ ತೆಗೆದು ಕಳಿಸಬೇಕು. ಪ್ರಶ್ನೆಯನ್ನು ಬಾಯಿಬಿಟ್ಟು ಓದಿಕೊಂಡರೆ ಎಚ್ಚರಿಕೆ ಬರುತ್ತದೆ. ಮನೆಯವರು ಯಾರಾದರೂ ಕಾಫಿ ಹಿಡಿದು ಒಳಗೆ ಬಂದರೆ ಪರೀಕ್ಷೆ ಅಲ್ಲಿಗೇ ನಿಂತರೂ ನಿಂತೀತು.

ಹೀಗೆ ಮನೆಯಿಂದಲೂ ಬರೆಯಬಹುದಾದ ಕಠಿಣ ಪರೀಕ್ಷೆಗಳಲ್ಲಿ ಒಂದು ‘ಎಡಬ್ಲ್ಯುಎಸ್ ಸರ್ಟಿಫೈಡ್ ಸಲ್ಯೂಷನ್ಸ್ ಆರ್ಕಿಟೆಕ್ಟ್ – ಪ್ರೊಫೆಷನಲ್’. ಅಮೆಜಾನ್ ಕಂಪನಿಯ ಕ್ಲೌಡ್ ಸೇವೆಗಳ ಮೇಲೆ ದೊಡ್ಡ ವ್ಯವಸ್ಥೆಗಳನ್ನು ಕಟ್ಟಬಲ್ಲವರಿಗೆ ಅದು ಕೊಡುವ ಪ್ರಮಾಣಪತ್ರ. 180 ನಿಮಿಷ, 75 ಪ್ರಶ್ನೆ. ಪಾಸಾಗಲು 1000ಕ್ಕೆ 750 ಬೇಕು. ಶುಲ್ಕ 300 ಡಾಲರ್, ಅಂದರೆ 25 ಸಾವಿರ ರೂಪಾಯಿಗೂ ಹೆಚ್ಚು, ತೆರಿಗೆ ಬೇರೆ. ಫೇಲಾದರೆ 14 ದಿನ ಕಾಯಬೇಕು, ದುಡ್ಡು ಮತ್ತೆ ಪೂರ್ತಿ ಕಟ್ಟಬೇಕು.

ಈ ಪರೀಕ್ಷೆ ಹೀಗೇ ಏಕಿದೆ ಎಂದು ಹುಡುಕುತ್ತ ಹೋದರೆ ಹಳೆಯದೊಂದು ತೊಡಕು ಎದುರಾಗುತ್ತದೆ. ಒಬ್ಬರು ಕೆಲಸ ಮಾಡುವುದನ್ನು ಕಣ್ಣಾರೆ ನೋಡದೆ ಅವರಿಗೆ ಕೆಲಸ ಬರುತ್ತದೆಂದು ಹೇಳುವುದು ಹೇಗೆ?

ಹರಿಹರದಲ್ಲಿ ಈ ತೊಡಕಿರಲಿಲ್ಲ

ಪಕ್ಕದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ತಯಾರಾದ ಲೇತ್‌ಗಳು ದೇಶದ ಉದ್ದಗಲಕ್ಕೂ ಹೋದವು. ಅಂಥ ಕಾರ್ಖಾನೆಗಳಿಗೆ ಬೇಕಾದ ಟರ್ನರ್, ಫಿಟ್ಟರ್‌ಗಳನ್ನು ತಯಾರು ಮಾಡಿದ್ದು ಐಟಿಐಗಳು. ಅವುಗಳ ಪ್ರಮಾಣಪತ್ರಕ್ಕೆ ದೇಶಕ್ಕೆಲ್ಲ ಒಂದೇ ಅಳತೆ ಇರಲೆಂದು ಕೇಂದ್ರ ಸರ್ಕಾರ 1956ರಲ್ಲಿ ರಾಷ್ಟ್ರೀಯ ಮಂಡಳಿಯೊಂದನ್ನು ಮಾಡಿತು. ಟ್ರೇಡ್ ಟೆಸ್ಟ್‌ನಲ್ಲಿ ಒಂದು ಡ್ರಾಯಿಂಗ್, ಒಂದು ಲೋಹದ ತುಂಡು ಕೊಡುತ್ತಾರೆ. ಅಭ್ಯರ್ಥಿ ಅದನ್ನು ಕಡಿದು, ಕೊರೆದು, ಉಜ್ಜಿ ‘ಜಾಬ್’ ಒಪ್ಪಿಸಬೇಕು. ಪರೀಕ್ಷಕರು ವರ್ನಿಯರ್ ಇಟ್ಟು ನೋಡುತ್ತಾರೆ. ಅಳತೆ ಕೂತರೆ ಅಂಕ, ತಪ್ಪಿದರೆ ಇಲ್ಲ. ಟೈಪಿಂಗ್ ಜೂನಿಯರ್, ಸೀನಿಯರ್ ಪರೀಕ್ಷೆಗಳದ್ದೂ ಇದೇ ರೀತಿ. ಬೆರಳು ಓಡಿದ್ದು ಹಾಳೆಯ ಮೇಲೆ ಕಾಣುತ್ತದೆ, ತಪ್ಪೂ ಕಾಣುತ್ತದೆ.

ಕಂಪ್ಯೂಟರ್ ಜಾಲಗಳ ಕೆಲಸ ಬಂದಾಗ ಈ ಪದ್ಧತಿ ಸಾಲದಾಯಿತು. 1980ರ ದಶಕದ ಕೊನೆಗೆ ಅಮೆರಿಕದ ನೊವೆಲ್ ಕಂಪನಿಯ ನೆಟ್‌ವೇರ್ ತಂತ್ರಾಂಶ ಕಚೇರಿ ಕಚೇರಿಗೂ ನುಗ್ಗಿತ್ತು. ಅದನ್ನು ಅಳವಡಿಸುವ, ಕೆಟ್ಟರೆ ಸರಿಪಡಿಸುವ ಸಾವಿರಾರು ಜನ ಊರೂರಲ್ಲಿ ಬೇಕಾದರು. ಕಾಲೇಜುಗಳ ಪಠ್ಯ ಅಷ್ಟು ಬೇಗ ಬದಲಾಗುವಂಥದಲ್ಲ. ಹಾಗಾಗಿ ಕಂಪನಿ ತಾನೇ ಪರೀಕ್ಷೆ ನಡೆಸಿ ‘ಸಿಎನ್‌ಇ’ ಪ್ರಮಾಣಪತ್ರ ಕೊಡತೊಡಗಿತು. ‘ಇವರಿಗೆ ಕೆಲಸ ಬರುತ್ತದೆ’ ಎಂದು ಹೇಳುವ ಅಧಿಕಾರ ಸರ್ಕಾರ, ವಿಶ್ವವಿದ್ಯಾಲಯಗಳ ಕೈಯಿಂದ ಸರಕು ಮಾರುವವರ ಕೈಗೂ ಬಂದದ್ದು ಹೀಗೆ. ಮೈಕ್ರೊಸಾಫ್ಟ್ ಇದೇ ದಾರಿ ಹಿಡಿಯಿತು. ಪರೀಕ್ಷೆ ನಡೆಸಿಕೊಡುವುದೇ ಒಂದು ಉದ್ಯಮವಾಗಿ 1990ರಲ್ಲಿ ಪ್ರೊಮೆಟ್ರಿಕ್, 1994ರಲ್ಲಿ ವಿಯುಇ ಹುಟ್ಟಿದವು. ಈ ಎರಡನೆಯದೇ ಇವತ್ತಿನ ಪಿಯರ್ಸನ್ ವಿಯುಇ.

ಇವರು ಆರಿಸಿಕೊಂಡ ಸಾಧನ ಬಹು ಆಯ್ಕೆಯ ಪ್ರಶ್ನೆ. 1915ರ ಸುಮಾರಿಗೆ ಅಮೆರಿಕದ ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞ, ಮೇಷ್ಟರಿಂದ ಮೇಷ್ಟರಿಗೆ ಅಂಕ ಬದಲಾಗದಿರಲಿ, ಮೌಲ್ಯಮಾಪನ ಬೇಗ ಮುಗಿಯಲಿ ಎಂದು ಮಕ್ಕಳ ಓದಿನ ಪರೀಕ್ಷೆಗೆ ಅದನ್ನು ಬಳಸಿದ್ದರು. ಯಂತ್ರಕ್ಕಂತೂ ಅದು ಹೇಳಿ ಮಾಡಿಸಿದ್ದು. ಆದರೆ ಉತ್ತರ ಪರದೆಯ ಮೇಲೇ ಇರುವಾಗ ಬಾಯಿಪಾಠ ಸಾಕು. ಪ್ರಶ್ನೆಗಳನ್ನು ಕದ್ದು ಹಂಚುವ ‘ಡಂಪ್ಸ್’ ದಂಧೆ ಬೆಳೆಯಿತು. 1990ರ ದಶಕದ ಕೊನೆಗೆ ‘ಪೇಪರ್ ಎಂಸಿಎಸ್‌ಇ’ ಎಂಬ ಮಾತೇ ಚಾಲ್ತಿಗೆ ಬಂತು: ಕೈಯಲ್ಲಿ ಮೈಕ್ರೊಸಾಫ್ಟ್‌ನ ಪ್ರಮಾಣಪತ್ರವಿದೆ, ಸರ್ವರ್ ಮುಂದೆ ಕೂರಿಸಿದರೆ ಕೈ ಓಡುವುದಿಲ್ಲ.

ಬೇರೆ ದಾರಿಯೂ ಇತ್ತು. 1993ರಲ್ಲಿ ಸಿಸ್ಕೊ ಕಂಪನಿ ತಂದ ಸಿಸಿಐಇ ಪರೀಕ್ಷೆಗೆ ಎರಡು ದಿನದ ಲ್ಯಾಬ್ ಇತ್ತು. ಮೊದಲು ಅಭ್ಯರ್ಥಿ ಜಾಲ ಕಟ್ಟಬೇಕು. ಪರೀಕ್ಷಕರು ಅದನ್ನು ಬೇಕೆಂದೇ ಕೆಡಿಸುತ್ತಾರೆ. ಅಭ್ಯರ್ಥಿಯೇ ಅದನ್ನು ಮತ್ತೆ ಸರಿಪಡಿಸಬೇಕು. ಐಟಿಐ ‘ಜಾಬ್’ನ ಜಾಯಮಾನವೇ ಇದು. ಆದರೆ ಇದಕ್ಕೆ ಉಪಕರಣ, ಜಾಗ, ಪರೀಕ್ಷಕರು ಎಲ್ಲವೂ ಬೇಕು. ಲಕ್ಷಗಟ್ಟಲೆ ಜನರನ್ನು ಹೀಗೆ ಪರೀಕ್ಷಿಸುವುದು ಆಗದ ಮಾತು.

ಐದನೆಯ ಸೌಕರ್ಯ

ಈ ನಡುವೆ ಪರೀಕ್ಷಿಸಬೇಕಾದ ಕೆಲಸವೇ ಬದಲಾಯಿತು. ಕಂಪ್ಯೂಟರ್ ಶಕ್ತಿ ಮುಂದೊಂದು ದಿನ ಟೆಲಿಫೋನಿನ ಹಾಗೆ ಸಾರ್ವಜನಿಕ ಸೌಕರ್ಯವಾಗಬಹುದು ಎಂದು ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲೇ ಎಂಐಟಿಯಲ್ಲಿ ಹೇಳಿದ್ದರು. ಈ ವಿಚಾರವನ್ನು ಸಿದ್ಧಾಂತವಾಗಿ ಬೆಳೆಸಿದವರಲ್ಲಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದಿದವರೊಬ್ಬರಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಬಿ.ಇ., ಬೆಂಗಳೂರು ವಿಶ್ವವಿದ್ಯಾಲಯದ ಎಂ.ಇ. ಪದವಿ ಪಡೆದು ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ರಾಜ್‌ಕುಮಾರ್ ಬುಯ್ಯ, 2009ರ ಪ್ರಬಂಧದಲ್ಲಿ ನೀರು, ವಿದ್ಯುತ್, ಅನಿಲ, ಟೆಲಿಫೋನ್ ಆದ ಮೇಲೆ ಕಂಪ್ಯೂಟಿಂಗ್ ಐದನೆಯ ಸೌಕರ್ಯ ಎಂದರು. ಅವರು ಸಹಲೇಖಕರಾಗಿ ಬರೆದ ಪುಸ್ತಕ ಮುಂದೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಐಚ್ಛಿಕ ವಿಷಯಕ್ಕೆ ಪಠ್ಯವೂ ಆಯಿತು. ದಾವಣಗೆರೆಯ ಯುಬಿಡಿಟಿ, ಬಿಐಇಟಿ ಎರಡೂ ವಿಟಿಯು ವ್ಯಾಪ್ತಿಯ ಕಾಲೇಜುಗಳೇ.

ಅಮೆಜಾನ್ 2006ರಲ್ಲಿ ಕಡತ ಇಡುವ ಎಸ್3, ಬಾಡಿಗೆ ಕಂಪ್ಯೂಟರ್ ಕೊಡುವ ಇಸಿ2 ಸೇವೆಗಳನ್ನು ತಂದಿತು. ಬಟ್ಟೆ ಗಿರಣಿ ತನ್ನದೇ ವಿದ್ಯುತ್ ಉತ್ಪಾದಿಸುವುದು ಬಿಟ್ಟು ಗ್ರಿಡ್‌ಗೆ ತಂತಿ ಎಳೆದುಕೊಂಡಂತೆ, ಕಂಪನಿಗಳು ಸ್ವಂತ ಸರ್ವರ್ ಕೋಣೆ ಮುಚ್ಚಿ ಬಳಸಿದಷ್ಟಕ್ಕೆ ಬಿಲ್ ಕಟ್ಟತೊಡಗಿದವು. ಆಗ ಆರಿಸಿ ಕೊಡುವವರು ಬೇಕಾದರು. ನೂರಾರು ಸೇವೆಗಳಲ್ಲಿ ಯಾವುದನ್ನು ಯಾವುದಕ್ಕೆ ಜೋಡಿಸಿದರೆ ಕೆಲಸವೂ ಆಗಿ ಬಿಲ್ಲೂ ಕೈ ಕಚ್ಚುವುದಿಲ್ಲ ಎಂದು ಹೇಳಬಲ್ಲವರು. ಅಮೆಜಾನ್ 2013ರಲ್ಲಿ ಮೊದಲ ಪ್ರಮಾಣಪತ್ರ ಪರೀಕ್ಷೆ ತಂದಿತು, ಮರುವರ್ಷ ‘ಪ್ರೊಫೆಷನಲ್’ ಹಂತ. ಅಸೋಸಿಯೇಟ್ ಹಂತ ಪಾಸಾದವರಷ್ಟೇ ಮೇಲಿನದಕ್ಕೆ ಕೂರಬೇಕೆಂಬ ಕಟ್ಟಳೆಯನ್ನು 2018ರಲ್ಲಿ ಕೈಬಿಟ್ಟರು.

ಕಥೆಯಾದ ಪ್ರಶ್ನೆ

ಬಾಯಿಪಾಠಕ್ಕೆ ಸಿಗದಂತೆ ಮಾಡಲು ಪ್ರಶ್ನೆಯನ್ನೇ ಕಥೆಯಾಗಿಸಿದ್ದು ಇಲ್ಲಿಯ ಉಪಾಯ. ಅದೇ ರೀತಿಯಲ್ಲಿ ನಾನೇ ಕಟ್ಟಿದ ಒಂದು ಪ್ರಶ್ನೆ ನೋಡಿ. ವಿಶ್ವವಿದ್ಯಾಲಯವೊಂದರ ಫಲಿತಾಂಶದ ಜಾಲತಾಣ. ವರ್ಷಕ್ಕೆರಡು ದಿನ ಲಕ್ಷಾಂತರ ಜನ ಒಟ್ಟಿಗೆ ನುಗ್ಗುತ್ತಾರೆ, ಉಳಿದ ದಿನ ಕೇಳುವವರಿಲ್ಲ. ಆಯ್ಕೆಗಳು ಮೂರು. ಒಂದು, ದೊಡ್ಡ ಯಂತ್ರವನ್ನು ವರ್ಷವಿಡೀ ಓಡಿಸುವುದು. ಎರಡು, ಜನ ಹೆಚ್ಚಿದಂತೆ ಯಂತ್ರಗಳೂ ತಾವಾಗಿ ಹೆಚ್ಚುವಂತೆ ಮಾಡುವುದು. ಮೂರು, ಪ್ರತಿ ವಿದ್ಯಾರ್ಥಿಯ ಫಲಿತಾಂಶವನ್ನು ಮೊದಲೇ ಸಿದ್ಧ ಪುಟವಾಗಿಸಿ ಎಸ್3ರಲ್ಲಿಟ್ಟು ಕ್ಲೌಡ್‌ಫ್ರಂಟ್ ಎಂಬ ವಿತರಣಾ ಜಾಲದ ಮೂಲಕ ಹಂಚುವುದು. ಮೂರರಿಂದಲೂ ಕೆಲಸ ಆಗುತ್ತದೆ. ಪ್ರಶ್ನೆಯ ಕೊನೆಯಲ್ಲಿ ದಪ್ಪಕ್ಷರದಲ್ಲಿ ‘ಅತಿ ಕಡಿಮೆ ನಿರ್ವಹಣೆ’ ಎಂದಿದ್ದರೆ ಉತ್ತರ ಮೂರನೆಯದು. ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ತೋರಿಸಬೇಕಾದ ಮಾಹಿತಿ ಇದ್ದರೆ ಎರಡನೆಯದು. ಸರಿ-ತಪ್ಪು ಹುಡುಕಿದವರು ಇಲ್ಲಿ ಸೋಲುತ್ತಾರೆ. ಆಗುವ ಮೂರರಲ್ಲಿ ಈ ಸಂದರ್ಭಕ್ಕೆ ಒಗ್ಗುವುದು ಯಾವುದೆಂದು ತೂಗಬೇಕು.

ಪರೀಕ್ಷೆಯ ಜೀವಾಳ ಮಾತ್ರ ‘ಕೆಟ್ಟರೆ ಏನು’ ಎಂಬ ಪ್ರಶ್ನೆ. 2017ರ ಫೆಬ್ರವರಿ 28ರಂದು ಅಮೆಜಾನ್ ಸಿಬ್ಬಂದಿಯೊಬ್ಬರು ಒಂದು ಆದೇಶ ಟೈಪಿಸುವಾಗ ಮಾಡಿದ ತಪ್ಪಿನಿಂದ ಬೇಕಾದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಕಳಚಿಕೊಂಡು, ವರ್ಜೀನಿಯಾ ವಲಯದ ಎಸ್3 ಸೇವೆ ಗಂಟೆಗಟ್ಟಲೆ ನಿಂತಿತು. ಅದನ್ನೇ ನಂಬಿದ್ದ ಅಸಂಖ್ಯ ಜಾಲತಾಣಗಳೂ ನಿಂತವು. ಇಂಥ ದಿನಕ್ಕೆ ಸಿದ್ಧತೆ ನಾಲ್ಕು ಬಗೆ. ದತ್ತಾಂಶದ ನಕಲಷ್ಟೇ ಬೇರೆಡೆ ಇಟ್ಟು ಬೇಕಾದಾಗ ಎಲ್ಲವನ್ನೂ ಮತ್ತೆ ಕಟ್ಟುವುದು ಅಗ್ಗ, ಆದರೆ ಎದ್ದು ನಿಲ್ಲಲು ಗಂಟೆಗಳೇ ಬೇಕು. ‘ಪೈಲಟ್ ಲೈಟ್’ನಲ್ಲಿ ದತ್ತಾಂಶ ಸದಾ ಸಿದ್ಧ, ಯಂತ್ರಗಳು ಮಾತ್ರ ಆರಿರುತ್ತವೆ. ‘ವಾರ್ಮ್ ಸ್ಟ್ಯಾಂಡ್‌ಬೈ’ನಲ್ಲಿ ಇಡೀ ವ್ಯವಸ್ಥೆ ಸಣ್ಣ ಗಾತ್ರದಲ್ಲಿ ಓಡುತ್ತಲೇ ಇರುತ್ತದೆ. ಕೊನೆಯದರಲ್ಲಿ ಎರಡು ಕಡೆಯೂ ಪೂರ್ಣ ಪ್ರಮಾಣದಲ್ಲಿ ಓಡುತ್ತದೆ, ಖರ್ಚೂ ಹೆಚ್ಚುಕಡಿಮೆ ಇಮ್ಮಡಿ. ಇವುಗಳಲ್ಲಿ ಯಾವುದೆಂದು ಆರಿಸಲು ಕೇಳಿಕೊಳ್ಳಬೇಕಾದ್ದು: ಎಷ್ಟು ಹೊತ್ತು ನಿಂತರೆ, ಎಷ್ಟು ನಿಮಿಷದ ದತ್ತಾಂಶ ಹೋದರೆ ಪ್ರಶ್ನೆಯಲ್ಲಿರುವ ಸಂಸ್ಥೆ ತಾಳಿಕೊಳ್ಳುತ್ತದೆ? ಅಮೆಜಾನ್‌ನ ಮುಂಬೈ ಕೇಂದ್ರ 2016ರಲ್ಲಿ, ಹೈದರಾಬಾದ್ ಕೇಂದ್ರ 2022ರಲ್ಲಿ ಬಂದ ಮೇಲೆ ದತ್ತಾಂಶ ದೇಶದ ಗಡಿ ದಾಟದೆಯೇ ಈ ಲೆಕ್ಕ ಹಾಕಬಹುದು.

ಹಾಗಾಗಿ ತಯಾರಿ ಎಂದರೆ ವಿಡಿಯೊ ನೋಡಿ ಸೇವೆಗಳ ಹೆಸರು ಉರುಹೊಡೆಯುವುದಲ್ಲ. ಖಾತೆ ತೆರೆದು, ಕಟ್ಟಿ, ಕೆಡಿಸಿ ನೋಡಬೇಕು. ಅಮೆಜಾನ್ 2010ರಿಂದ ಹೊಸಬರಿಗೆ ತಿಂಗಳಿಗೆ 750 ಗಂಟೆ ಸಣ್ಣ ಯಂತ್ರವನ್ನು ಒಂದು ವರ್ಷ ಉಚಿತವಾಗಿ ಕೊಡುತ್ತಿತ್ತು. 2025ರ ಜುಲೈನಿಂದ ಅದರ ಬದಲು ಕ್ರೆಡಿಟ್ ಕೊಡುತ್ತದೆ. ಎಲ್ಲವೂ ಬಿಟ್ಟಿಯಲ್ಲ. ನ್ಯಾಟ್ ಗೇಟ್‌ವೇ ಎಂಬುದನ್ನು ಅಭ್ಯಾಸಕ್ಕೆಂದು ಹಾಕಿ ತೆಗೆಯಲು ಮರೆತರೆ ಗಂಟೆಗಂಟೆಗೂ ದುಡ್ಡು ಏರುತ್ತದೆ. ಆದ್ದರಿಂದ ಖಾತೆ ತೆರೆದವರು ಮೊದಲು ಮಾಡಬೇಕಾದ ಕೆಲಸ, ಬಿಲ್ ಇಷ್ಟು ದಾಟಿದರೆ ಇಮೇಲ್ ಬರಲಿ ಎಂಬ ಎಚ್ಚರಿಕೆ ಹಾಕಿಕೊಳ್ಳುವುದು. ವೆಚ್ಚ ಹಿಡಿತದಲ್ಲಿಡುವುದೂ ಪರೀಕ್ಷೆಯ ವಿಷಯವೇ.

ಕಥೆ ಉದ್ದವಾದರೆ

ಕೈಕೆಲಸವನ್ನೇ ನೋಡುವ ಯತ್ನವನ್ನು ಅಮೆಜಾನ್ ಕೂಡ ಮಾಡಿತು. 2021ರಲ್ಲಿ ಸಿಸ್‌ಆಪ್ಸ್ ಎಂಬ ಇನ್ನೊಂದು ಪರೀಕ್ಷೆಗೆ ಲ್ಯಾಬ್ ಸೇರಿಸಿ, 2023ರಲ್ಲಿ ತೆಗೆದುಹಾಕಿತು. ಉಳಿದದ್ದು ಕಥೆಯ ಪ್ರಶ್ನೆ, 75ರಲ್ಲಿ 10 ಪ್ರಶ್ನೆಗಳಿಗೆ ಅಂಕವಿಲ್ಲದ ಗುಟ್ಟಿನ ಪ್ರಯೋಗ, ಮೂರೇ ವರ್ಷದ ಆಯಸ್ಸು. ಅವಧಿ ಮುಗಿದರೆ ಮತ್ತೆ ಪರೀಕ್ಷೆ. ಪದವಿ ಪ್ರಮಾಣಪತ್ರದಂತೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಸರಕು ಇದಲ್ಲ. ಕೊರೊನಾ ಬಂದ 2020ರಲ್ಲಿ ಎಲ್ಲ ಹಂತದ ಪರೀಕ್ಷೆಯನ್ನೂ ಮನೆಯಿಂದಲೇ ಬರೆಯುವ ವ್ಯವಸ್ಥೆ ಆಯಿತು. ದಾವಣಗೆರೆಯವರಿಗೆ ಪರೀಕ್ಷಾ ಕೇಂದ್ರ ಹುಡುಕಿಕೊಂಡು ಹೋಗುವುದು ಅನಿವಾರ್ಯವಾಗಿ ಉಳಿಯಲಿಲ್ಲ.

ಹೊಸದೊಂದು ಅಡ್ಡಿ ಮಾತ್ರ ಕಥೆಯ ಪ್ರಶ್ನೆಗಳ ಜೊತೆಗೇ ಬಂತು. ಬಾಯಿಪಾಠ ತಡೆಯಲು ಕಥೆಯನ್ನು ಉದ್ದ ಮಾಡಿದ್ದರಿಂದ, ಒಂದು ಪ್ರಶ್ನೆಗೆ ಸಿಗುವ ಎರಡು ನಿಮಿಷ ಚಿಲ್ಲರೆಯಲ್ಲಿ ದಟ್ಟ ಇಂಗ್ಲಿಷಿನ ಹಲವು ಸಾಲುಗಳ ಸಮಸ್ಯೆಯನ್ನೂ ಅಷ್ಟೇ ಉದ್ದದ ಉತ್ತರಗಳನ್ನೂ ಓದಬೇಕು. ಜಪಾನಿ, ಕೊರಿಯನ್, ಚೀನಿ ಭಾಷೆಗಳಲ್ಲಿ ಪರೀಕ್ಷೆ ಇದೆ, ಭಾರತದ ಯಾವ ಭಾಷೆಯಲ್ಲೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಕೆಲಸದಲ್ಲಿ ಪಳಗಿದವರು ಇಲ್ಲಿ ಎಡವುವುದು ಕ್ಲೌಡ್ ತಿಳಿಯದೆ ಅಲ್ಲ, ಓದಿ ಮುಗಿಸುವಷ್ಟರಲ್ಲಿ ಹೊತ್ತು ಮೀರಿ. ಅಳೆಯಬೇಕಾದ್ದು ಕಸುಬು, ಅಳೆದದ್ದು ಇಂಗ್ಲಿಷ್ ಓದುವ ವೇಗ.

ಇದಕ್ಕೆ ಸಣ್ಣದೊಂದು ಪರಿಹಾರ ನಿಯಮದಲ್ಲೇ ಇದೆ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷ್‌ನಲ್ಲಿ ಪರೀಕ್ಷೆ ಬರೆದರೆ 30 ನಿಮಿಷ ಹೆಚ್ಚು ಸಿಗುತ್ತದೆ. ಆದರೆ ತಾನಾಗಿ ಸಿಗುವುದಿಲ್ಲ, ದಿನಾಂಕ ಕಾಯ್ದಿರಿಸುವ ಮೊದಲೇ ಖಾತೆಯಲ್ಲಿ ಅರ್ಜಿ ಹಾಕಬೇಕು. ಒಮ್ಮೆ ಒಪ್ಪಿಗೆ ಸಿಕ್ಕರೆ ಮುಂದಿನ ಪರೀಕ್ಷೆಗಳಿಗೂ ಅನ್ವಯಿಸುತ್ತದೆ. ಇದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. 180 ನಿಮಿಷದ ಲೆಕ್ಕ ಹಾಕಿದವರು ಇಂಗ್ಲಿಷನ್ನು ಸರಾಗವಾಗಿ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಉಳಿದ ಮೂವತ್ತು ನಮ್ಮ ಪಾಲಿನದು.