ಸೊಕ್ಕೆ: ಮಳೆಯ ರೊಟ್ಟಿ, ನಾಲೆಯ ಒಗ್ಗರಣೆ

ದಾವಣಗೆರೆ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬೆಣ್ಣೆದೋಸೆ. ಬೆಂಗಳೂರು, ಮೈಸೂರಿನ ಬೀದಿಗಳಲ್ಲೂ ಈಗ ಆ ಹೆಸರಿನ ಬೋರ್ಡುಗಳು ಕಾಣುತ್ತವೆ. ಆದರೆ ಜಿಲ್ಲೆಯ ಹಳ್ಳಿ ಜನ ಬೆಳಗಾಗೆದ್ದು ಏನು ತಿನ್ನುತ್ತಾರೆ, ಸಂಜೆ ಏನು ಬಯಸುತ್ತಾರೆ, ಹಬ್ಬಕ್ಕೆ ಏನು ಮಾಡುತ್ತಾರೆ ಎಂದು ಕೇಳಿದರೆ ಉತ್ತರ ಬೇರೆಯೇ. ಆ ಉತ್ತರ ಹುಡುಕುವವರು ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಊರಿಗೆ ಬರಬೇಕು.

ಸೊಕ್ಕೆ ಹೋಬಳಿ ಕೇಂದ್ರ. ಜಗಳೂರು ತಾಲ್ಲೂಕು 1997ರವರೆಗೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಹೊಸ ಜಿಲ್ಲೆಯಾದಾಗ ಇತ್ತ ಸೇರಿತು. ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಕೊಟ್ಟೂರು, ಕೂಡ್ಲಿಗಿ ಸೀಮೆಯೂ ಇಲ್ಲಿಗೆ ದೂರವಲ್ಲ. ಹೀಗಾಗಿ ಮಾತಿನಲ್ಲೂ ತಟ್ಟೆಯಲ್ಲೂ ಮೂರು ಸೀಮೆಗಳು ಬೆರೆತಿವೆ. ಚಿತ್ರದುರ್ಗದ ಕಡೆಯ ರಾಗಿಮುದ್ದೆ, ಬಳ್ಳಾರಿ ಕಡೆಯ ಜೋಳದ ರೊಟ್ಟಿ, ದಾವಣಗೆರೆಯ ಮಂಡಕ್ಕಿ ಈ ಮೂರೂ ಒಂದೇ ಮನೆಯಲ್ಲಿ, ಒಂದೇ ದಿನದಲ್ಲಿ ಸಿಗುವ ಊರು ರಾಜ್ಯದಲ್ಲಿ ಹೆಚ್ಚಿಲ್ಲ. ಮಧ್ಯಾಹ್ನ ಮುದ್ದೆ ಉಂಡವರೇ ರಾತ್ರಿ ರೊಟ್ಟಿಗೆ ಕೂರುತ್ತಾರೆ. ಯಾವುದು ಹೆಚ್ಚು ಎಂಬ ಜಗಳ ಇಲ್ಲಿಲ್ಲ.

ಹೊರಗಡೆ ತಿನ್ನುವುದೆಂದರೆ ಇಲ್ಲಿ ಮೊದಲಿಗೆ ಬರುವುದು ಒಗ್ಗರಣೆ–ಮೆಣಸಿನಕಾಯಿ. ಬೇರೆ ಕಡೆಯವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಎನ್ನುತ್ತಾರೆ. ಇಲ್ಲಿ ಅಷ್ಟುದ್ದ ಹೇಳುವ ರೂಢಿಯಿಲ್ಲ. ಬೆಳಿಗ್ಗೆ ಬಸ್ಸು ನಿಲ್ಲುವ ಕಡೆಯ ಸಣ್ಣ ಹೋಟೆಲುಗಳಲ್ಲಿ ಬೆಂಚಿನ ಮೇಲೆ ಜನ ಒತ್ತಿಕೊಂಡು ಕೂತಿರುತ್ತಾರೆ. ಹೊಲಕ್ಕೆ ಹೊರಟವರು, ದಾವಣಗೆರೆಯ ಮಾರುಕಟ್ಟೆಗೆ ಹೊರಟವರು, ಕಾಲೇಜಿಗೆ ಹೋಗುವ ಹುಡುಗರು ಎಲ್ಲರೂ ಅಲ್ಲೇ. "ಬರ್ರಿ, ಕುಂದ್ರಿ, ಒಗ್ಗರಣೆ ಹಾಕ್ಲಾ?" ಎಂಬ ಮಾತು ಮುಗಿಯುವಷ್ಟರಲ್ಲಿ ಪೇಪರ್ ಹಾಸಿದ ತಟ್ಟೆ ಮುಂದೆ ಬಂದಿರುತ್ತದೆ. ಮೇಲೆ ಎರಡು ಬಿಸಿ ಮೆಣಸಿನಕಾಯಿ.

ನೋಡುವವರಿಗೆ ಇದು ಸುಲಭದ ತಿಂಡಿ. ಮಾಡುವವರ ಕೈ ನೋಡಿದರೆ ಹಾಗನ್ನಿಸುವುದಿಲ್ಲ. ಮಂಡಕ್ಕಿಯನ್ನು ಬಕೆಟ್ ನೀರಿಗೆ ಸುರಿದು, ಕೈಯಾಡಿಸಿ, ತಡಮಾಡದೆ ಎತ್ತಿ ಹಿಂಡಬೇಕು. ಒಂದು ಗಳಿಗೆ ಹೆಚ್ಚಾದರೆ ಮುದ್ದೆಯಾಗುತ್ತದೆ, ಕಡಿಮೆಯಾದರೆ ನಡುವೆ ಒಣಗಿದ ಕಾಳು ಹಲ್ಲಿಗೆ ಸಿಗುತ್ತದೆ. ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಒಂದು ಹಿಡಿ ಶೇಂಗಾ. ಶೇಂಗಾ ಕೆಂಪಾಗುವ ಮುಂಚೆ ಹಸಿಮೆಣಸಿನಕಾಯಿ, ಕರಿಬೇವು, ಉದ್ದುದ್ದ ಹೆಚ್ಚಿದ ಈರುಳ್ಳಿ, ಅರಿಶಿನ. ಟೊಮೆಟೊ ಹಾಕುವವರೂ ಇದ್ದಾರೆ, ಹುಣಸೆಹುಳಿ ಬಿಡುವವರೂ ಇದ್ದಾರೆ. ಹಿಂಡಿದ ಮಂಡಕ್ಕಿ ಬಿದ್ದ ಮೇಲೆ ಒಲೆಯ ಉರಿ ತಗ್ಗಬೇಕು. ಕೊನೆಗೆ ಹುರಿಗಡಲೆ ಪುಡಿ ಉದುರಿಸುವುದು. ರುಚಿ ನಿಲ್ಲುವುದು ಈ ಪುಡಿಯಲ್ಲಿ. ಉಳಿದ ತೇವವನ್ನು ಅದು ಹೀರಿಕೊಂಡು, ಮಂಡಕ್ಕಿಯ ಕಾಳು ಕಾಳನ್ನೂ ಬಿಡಿಬಿಡಿಯಾಗಿ ಇಡುತ್ತದೆ. ಮೇಲೆ ಕೊತ್ತಂಬರಿ, ನಿಂಬೆಹಣ್ಣು.

ಮೆಣಸಿನಕಾಯಿ ಬಜ್ಜಿಯದು ಇನ್ನೊಂದು ಲೆಕ್ಕ. ಉದ್ದನೆಯ ಹಸಿಮೆಣಸಿನಕಾಯಿಯನ್ನು ಸೀಳಿ ಒಳಗೆ ಉಪ್ಪು, ಓಂಕಾಳು, ಹುಣಸೆಹಣ್ಣು ಕುಟ್ಟಿದ್ದನ್ನು ಸವರುತ್ತಾರೆ. ಕಡ್ಲೆಹಿಟ್ಟು ಬೆರಳಿಗೆ ಅಂಟುವಷ್ಟು ಗಟ್ಟಿಯಾಗಿರಬೇಕು. ನೀರಾದರೆ ಬಜ್ಜಿ ಎಣ್ಣೆ ಕುಡಿಯುತ್ತದೆ. ಖಾರ ನೆತ್ತಿಗೇರಿದಾಗ ಒಂದು ತುತ್ತು ಒಗ್ಗರಣೆ, ಒಗ್ಗರಣೆ ಸಪ್ಪೆಯೆನಿಸಿದಾಗ ಒಂದು ಕಡಿತ ಮೆಣಸಿನಕಾಯಿ. ಎರಡನ್ನೂ ಬೇರೆ ಬೇರೆ ತಿನ್ನುವವರನ್ನು ಈ ಭಾಗದಲ್ಲಿ ಹೊರಗಿನವರೆಂದು ಗುರುತಿಸಿಬಿಡುತ್ತಾರೆ. ಸಂಜೆಯಾದರೆ ಇದೇ ಮಂಡಕ್ಕಿ ನೆನೆಯದೆ, ಗರಿಗರಿಯಾಗಿ, ಖಾರಾ ಮಂಡಕ್ಕಿಯಾಗಿ ಬರುತ್ತದೆ. ಜೊತೆಗೆ ಮತ್ತದೇ ಮೆಣಸಿನಕಾಯಿ. ಕೊಟ್ಟೂರು, ಹರಪನಹಳ್ಳಿ, ಹರಿಹರ ಎಲ್ಲ ಕಡೆಯೂ ಸಂಜೆಯ ತಿಂಡಿ ಇದೇ.

ಇಲ್ಲಿ ಯೋಚಿಸಬೇಕಾದ ಒಂದು ಸಂಗತಿಯಿದೆ. ಸೊಕ್ಕೆಯ ಸುತ್ತ ಭತ್ತ ಬೆಳೆಯುವ ನೆಲವಿಲ್ಲ. ಜಗಳೂರು ಬರದ ತಾಲ್ಲೂಕು, ಮಳೆ ನಂಬಿದ ಬೇಸಾಯ. ಹಾಗಾದರೆ ಮಂಡಕ್ಕಿ ಎಲ್ಲಿಂದ ಬಂತು? ದಾವಣಗೆರೆಯ ಭಟ್ಟಿಗಳಿಂದ. ಆ ಭಟ್ಟಿಗಳಿಗೆ ಭತ್ತ ಬಂದದ್ದು ತುಂಗಭದ್ರೆಯ ದಡದಿಂದ, ಚನ್ನಗಿರಿಯ ಸೂಳೆಕೆರೆಯ ಕೆಳಗಿನ ಗದ್ದೆಗಳಿಂದ, 1960ರ ದಶಕದಿಂದೀಚೆಗೆ ಭದ್ರಾ ನಾಲೆಯ ಅಚ್ಚುಕಟ್ಟಿನಿಂದ. ದಾವಣಗೆರೆಯಲ್ಲಿ 'ಮಂಡಕ್ಕಿ ಭಟ್ಟಿ' ಎಂದೇ ಹೆಸರಾದ ಬಡಾವಣೆಯಿದೆ. ಭತ್ತ ನೆನೆಸಿ, ಹುರಿದು, ಒಣಗಿಸಿ, ಹೊಟ್ಟು ತೆಗೆದು, ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಅರಳಿಸುವ ಈ ಕೆಲಸ ಬೆಂಕಿಯ ಮುಂದೆ ನಿಂತೇ ಆಗಬೇಕು. ಹಲವು ತಲೆಮಾರಿನ ಕುಟುಂಬಗಳು ಇದನ್ನೇ ನಂಬಿವೆ. ಹಿಂದೆ ಉರುವಲಿಗೆ ಹಳೆಯ ಟೈರು ಸುಟ್ಟು, ಹೊಗೆಯಿಂದ ಆ ಬಡಾವಣೆಯ ಜನ ಪಟ್ಟ ಪಾಡನ್ನೂ ಮರೆಯಬಾರದು. ನಾವು ಹತ್ತಾರು ರೂಪಾಯಿಗೆ ತಿನ್ನುವ ತಟ್ಟೆಯ ಹಿಂದೆ ಅವರ ಎದೆಗೂಡಿದೆ.

ಅಂದರೆ ಸೊಕ್ಕೆಯ ಹೋಟೆಲ್ ತಟ್ಟೆಗೆ ನಾಲೆಯ ನೀರು ಬಂದಿದೆ, ಮನೆಯ ತಟ್ಟೆಗೆ ಮಾತ್ರ ಮಳೆಯ ನೀರೇ ಗತಿ. ಈ ಊರಿನ ಊಟವನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ.

ಮನೆಯೊಳಗೆ ಹೋದರೆ ಜೋಳ, ರಾಗಿ, ಸಾವೆ, ನವಣೆ, ತೊಗರಿ, ಹುರುಳಿ, ಶೇಂಗಾ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಿ, ಬಿಸಿ ತಾಳುವಷ್ಟಾದಾಗ ಅಂಗೈಯ ಬುಡದಿಂದ ನಾದುವುದನ್ನು ನೋಡಬೇಕು. ಜೋಳದಲ್ಲಿ ಗೋಧಿಯ ಅಂಟಿಲ್ಲ. ಬಿಸಿನೀರು ಮತ್ತು ನಾದುವ ಕೈ ಇವೆರಡೇ ಅದನ್ನು ಹಿಡಿದಿಡಬೇಕು. ಬಡಿಯುವಾಗ ಎರಡೂ ಕೈ ರೊಟ್ಟಿಯನ್ನು ತಾವಾಗಿಯೇ ತಿರುಗಿಸುತ್ತವೆ. ಹಂಚಿಗೆ ಹಾಕಿ ಮೇಲ್ಮೈಗೆ ಒದ್ದೆ ಬಟ್ಟೆ ಸವರಿ, ಆ ನೀರು ಆರುವುದರೊಳಗೆ ಮಗುಚಬೇಕು. ಆಮೇಲೆ ಕೆಂಡದ ಪಕ್ಕ ನಿಲ್ಲಿಸಿದರೆ ರೊಟ್ಟಿ ಉಬ್ಬುತ್ತದೆ. ಗ್ಯಾಸ್ ಬಂದ ಮೇಲೂ ರೊಟ್ಟಿಗೆಂದೇ ಸೌದೆ ಒಲೆ ಇಟ್ಟುಕೊಂಡ ಮನೆಗಳು ಈ ಕಡೆ ಇವೆ. ನಗರದಲ್ಲಿ ಓವನ್ ಕೊಂಡು, ಬ್ರೆಡ್ಡು ಉಬ್ಬಿದ ಫೋಟೊ ಹಂಚಿಕೊಂಡು ಸಂಭ್ರಮಿಸುವ ಕಾಲವಿದು, ಆ ಸಂಭ್ರಮ ಒಳ್ಳೆಯದೇ. ಆದರೆ ಅಷ್ಟೇ ಕಸುಬುಗಾರಿಕೆ ಬೇಡುವ ಕೆಲಸವನ್ನು ದಿನಾ ಬೆಳಿಗ್ಗೆ ಮಾಡುವ ಸೊಕ್ಕೆಯ ಅವ್ವಂದಿರನ್ನು ಯಾರೂ ಹೊಗಳಿದ್ದು ಕಾಣೆ. ಹೊಗಳಬೇಕು.

ರೊಟ್ಟಿಗೆ ಎಣ್ಣೆಗಾಯಿ ಬದನೆಕಾಯಿ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಹಸಿ ಈರುಳ್ಳಿ, ಮೊಸರು. ಮುದ್ದೆಗೆ ಹುರುಳಿ ಬಸ್ಸಾರು, ಮಳೆ ಬಿದ್ದ ಮೇಲೆ ಹೊಲದ ಬದುವಿನಿಂದ ತಂದ ಅಣ್ಣೆಸೊಪ್ಪು, ಗೋಣಿಸೊಪ್ಪು ಬೆರೆಸಿದ ಸಾರು. ಪಂಚಮಿಗೆ ಜೋಳದ ಅರಳು, ತಂಬಿಟ್ಟು, ಎಳ್ಳುಂಡೆ, ಶೇಂಗಾ ಉಂಡೆ. ಯುಗಾದಿಗೆ ಹೋಳಿಗೆ, ಮರುದಿನ ಹೋಳಿಗೆ ಸಾರು. ಆ ಸಾರು ಹಳೆಯದಾದಷ್ಟೂ ರುಚಿ ಎಂಬುದರಲ್ಲಿ ಊರಿಗೆ ಊರೇ ಒಮ್ಮತ.

ಎಣ್ಣೆಗೂ ಈ ಸೀಮೆಗೂ ಇರುವ ನಂಟು ದೊಡ್ಡದು. ಹತ್ತಿರದ ಚಳ್ಳಕೆರೆ ಶೇಂಗಾ ಎಣ್ಣೆಯಿಂದಲೇ ಎಣ್ಣೆನಗರಿ ಎನಿಸಿಕೊಂಡಿತು. ಇದೇ ಸೀಮೆಯ ಉಜ್ಜಿನಿಯ ಮರುಳಸಿದ್ಧೇಶ್ವರನ ಜಾತ್ರೆಯಲ್ಲಿ ದೇವಾಲಯದ ಶಿಖರಕ್ಕೇ ಎಣ್ಣೆ ಎರೆಯುತ್ತಾರೆ, ಜನ ಕೊಡಗಟ್ಟಲೆ ತಂದು ಒಪ್ಪಿಸುತ್ತಾರೆ. ಇಂಥ ಜಾತ್ರೆಗಳಲ್ಲಿ, ಕೊಟ್ಟೂರು ಗುರುಬಸವೇಶ್ವರನ ತೇರಿನಲ್ಲಿ, ಬಾಣಲೆಗಳ ಸಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಲಾಗದು. ವರ್ಷವಿಡೀ ಮನೆಯಲ್ಲಿ ಉಂಡವರು ಅಂದು ಮನೆಮಂದಿಯೆಲ್ಲ ಸೇರಿ ಹೊರಗೆ ತಿನ್ನುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ, ಬೆಂಡು, ಬತ್ತಾಸು, ಮಕ್ಕಳಿಗೆ ಜಿಲೇಬಿ.

ಮತ್ತೆ ಬೆಣ್ಣೆದೋಸೆಗೆ ಬರೋಣ. ಸೊಕ್ಕೆಯವರಿಗೆ ಅದು ದಾವಣಗೆರೆಗೆ ಹೋದಾಗಿನ ತಿಂಡಿ. ಬಟ್ಟೆಗೆ, ಆಸ್ಪತ್ರೆಗೆ, ಮೆಕ್ಕೆಜೋಳ ಮಾರಲು ಹೋದವರು ತಿಂದು ಬರುವಂಥದ್ದು. ಅದರ ಹುಟ್ಟಿನ ಬಗ್ಗೆ ದಾವಣಗೆರೆಯಲ್ಲಿ ಹೇಳುವ ಕಥೆ ಕೇಳಿ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರಿನ ಹತ್ತಿರ ರಾಗಿಹಿಟ್ಟಿನ ದೋಸೆ ಮಾರತೊಡಗಿದರಂತೆ. 1938ರ ಹೊತ್ತಿಗೆ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ, ಮೇಲೆ ಬೆಣ್ಣೆ ಹಾಕಿ ಈಗಿನ ರೂಪ ತಂದರಂತೆ. ಈ ಕಥೆ ನಿಜವಾದರೆ, ಅಷ್ಟು ಹೆಸರುವಾಸಿಯಾದ ದೋಸೆಯೂ ಮೊದಲು ಬೆಂದದ್ದು ಸೊಕ್ಕೆಯ ಹೊಲದಂಥ ಹೊಲದ ರಾಗಿಯಲ್ಲಿ. ನೀರಾವರಿ ಬಂದಂತೆ ಜಿಲ್ಲೆಯ ನಾಲಿಗೆ ಅಕ್ಕಿಯ ಕಡೆ ಹೊರಳಿತು. 2013ರಲ್ಲಿ ಪಡಿತರ ಅಕ್ಕಿಯ ಅನ್ನಭಾಗ್ಯ ಯೋಜನೆ ಬಂದ ಮೇಲೆ ಹಬ್ಬದ ದಿನ ಮಾತ್ರ ಅನ್ನ ಕಂಡಿದ್ದ ಮನೆಗಳಲ್ಲೂ ದಿನಾ ಅನ್ನವಾಯಿತು. ಹಸಿವು ಕಳೆದ ಆ ಅಕ್ಕಿಯನ್ನು ನಾನು ಹಗುರವಾಗಿ ಆಡಲಾರೆ.

ಹಳ್ಳಿಗಳಿಗೆ ಈಗ ಬೇಕರಿಯೂ ಬಂದಿದೆ. ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ಯಾರಿಗೂ ಹೊಸದಲ್ಲ. ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುವುದು ವಾಡಿಕೆಯಾಗಿದೆ. ಮನೆಯಲ್ಲೇ ಮಾಡುವ ಹೆಣ್ಣುಮಕ್ಕಳೂ ಇದ್ದಾರೆ. ದಪ್ಪ ತಳದ ಪಾತ್ರೆಗೆ ಮರಳನ್ನೋ ಪುಡಿ ಉಪ್ಪನ್ನೋ ಹಾಸಿ, ಕಾಯಿಸಿ, ಅದರ ಮೇಲೆ ಕೇಕಿನ ಡಬ್ಬಿ ಇಟ್ಟು ಮುಚ್ಚಿದರೆ ಓವನ್ ಬೇಕಿಲ್ಲ. ಕಾದ ಮರಳಲ್ಲಿ ಮಂಡಕ್ಕಿ ಅರಳಿಸಿದ ಜಿಲ್ಲೆಗೆ ಈ ವಿದ್ಯೆ ಬಲು ಬೇಗ ಹತ್ತಿತು.

ನನ್ನ ಚಿಂತೆ ಇರುವುದು ಹೊಲದಲ್ಲಿ. ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ಹೊಲಗಳನ್ನು ಮೆಕ್ಕೆಜೋಳ ಆವರಿಸಿದೆ. ಅದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುವ ಬೆಳೆ, ಬೆಳೆದವರ ಮನೆಯಲ್ಲಿ ಅದರ ರೊಟ್ಟಿಯಿಲ್ಲ. ರೈತರನ್ನು ದೂರಿ ಪ್ರಯೋಜನವಿಲ್ಲ. ಕಾಸು ಕೈಗೆ ಬರುವ ಬೆಳೆಯನ್ನೇ ಯಾರಾದರೂ ಹಾಕುತ್ತಾರೆ. ಸಾವೆ, ನವಣೆಯ ಕಾಳು ಸಣ್ಣದು, ಸಿಪ್ಪೆ ಬಿಡಿಸುವುದು ಕಷ್ಟ, ಹಿಂದೆ ಬೀಸುವ ಕಲ್ಲಿನಲ್ಲಿ ಹೆಂಗಸರ ರಟ್ಟೆ ಸವೆಯುತ್ತಿತ್ತು. ಹತ್ತಿರದಲ್ಲಿ ಸಂಸ್ಕರಣೆ ಯಂತ್ರವಿಲ್ಲದಿದ್ದರೆ ಯಾವ ಮನೆಯೂ ಆ ಕಾಳಿಗೆ ಮರಳುವುದಿಲ್ಲ. ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ 'ರೈತ ಸಿರಿ' ಯೋಜನೆ ಬಂತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ನಗರದ ಅಂಗಡಿಗಳಲ್ಲಿ ನವಣೆ ಅಕ್ಕಿ ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ. ಅದನ್ನು ತಲೆತಲಾಂತರದಿಂದ ಉಂಡ ಸೀಮೆಯ ಹೋಟೆಲುಗಳಲ್ಲಿ ಮಾತ್ರ ಅದು ಸಿಗುವುದು ಅಪರೂಪ.

ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಭಾಗದ 57 ಕೆರೆ ತುಂಬಿಸುವ ಯೋಜನೆಯಿಂದ, ಭದ್ರಾ ಮೇಲ್ದಂಡೆ ಯೋಜನೆಯಿಂದ ತಾಲ್ಲೂಕಿನ ಜನಕ್ಕೆ ಆಸೆ ಹುಟ್ಟಿದೆ. ನೀರು ಬರಲಿ, ಬರಲೇಬೇಕು. ಆದರೆ ನೀರು ಬಂದ ಕಡೆ ಏನಾಯಿತೆಂದು ಚನ್ನಗಿರಿ, ಹೊನ್ನಾಳಿಯನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿ ಗದ್ದೆಗಳೇ ಅಡಿಕೆ ತೋಟವಾಗುತ್ತಿವೆ. ನೀರಿನ ಜೊತೆ ಒಂದೆರಡು ಎಕರೆ ಜೋಳ, ನವಣೆಯೂ ಉಳಿಯಬೇಕಾದರೆ ಅದಕ್ಕೆ ಊರಿನಲ್ಲೇ ಗಿರಾಕಿ ಬೇಕು.

ಆದ್ದರಿಂದ ಸೊಕ್ಕೆಯ ಹೋಟೆಲ್ ಯಜಮಾನರಲ್ಲಿ ಒಂದು ವಿನಂತಿ. ಒಗ್ಗರಣೆ–ಮೆಣಸಿನಕಾಯಿ ಹಾಗೆಯೇ ಇರಲಿ, ಅದನ್ನು ಮುಟ್ಟಬೇಡಿ. ವಾರದಲ್ಲಿ ಒಂದು ದಿನ, ಸಂತೆಯ ದಿನವಾದರೂ ಸರಿ, ನಿಮ್ಮ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ನವಣೆ ಅನ್ನವನ್ನು ಬೋರ್ಡಿನ ಮೇಲೆ ಬರೆಯಿರಿ. ಸ್ತ್ರೀಶಕ್ತಿ ಸಂಘಗಳವರಿಗೆ ರೊಟ್ಟಿ ಒಪ್ಪಿಸಲು ಹೇಳಿ. ಗ್ರಾಮ ಪಂಚಾಯಿತಿಯವರು ಹೋಬಳಿಗೊಂದು ಸಿರಿಧಾನ್ಯ ಸಿಪ್ಪೆ ತೆಗೆಯುವ ಯಂತ್ರ ಕೇಳಿ ಪಡೆಯಲಿ. ಓದುಗರು ಈ ದಾರಿಯಲ್ಲಿ ಬಂದರೆ ಬೆಳಗಿನ ತಿಂಡಿಯ ಬಿಸಿ ಆರುವ ಮುಂಚೆ ಬನ್ನಿ, ಹೊತ್ತೇರಿದರೆ ಒಗ್ಗರಣೆ ಬಾಣಲೆ ಖಾಲಿಯಾಗಿರುತ್ತದೆ. ತಿಂದಾದ ಮೇಲೆ ರೊಟ್ಟಿ ಇದೆಯೇ ಎಂದೂ ಕೇಳಿ. ಕೇಳುವವರಿದ್ದರೆ ಮಾಡುವ ಕೈಗಳಿಗೆ ಇಲ್ಲಿ ಕೊರತೆಯಿಲ್ಲ.