ಸಲಿಕೆ ರೆಕ್ಕೆಯ ಹಕ್ಕಿಗಳು

2008ರಲ್ಲಿ ಬೀಜಿಂಗಿನಲ್ಲಿ ಒಂದು ಜೋಡಿ ಗೋಪುರ ಏಳುತ್ತಿತ್ತು. ಹಣಕಾಸಿನ ವ್ಯವಹಾರಕ್ಕೆಂದೇ ಕಟ್ಟಿಸುತ್ತಿದ್ದ ಕಟ್ಟಡ. ನಡುವಿನ ಗಾಜಿನ ಅಂಗಳದಲ್ಲಿ ತೂಗುಹಾಕಲು ಏನಾದರೂ ಮಾಡಿಕೊಡಿ ಎಂದು ಅದರ ಮಾಲೀಕರು ಕಲಾವಿದ ಶೂ ಬಿಂಗ್ ಅವರನ್ನು ಕೇಳಿದರು. ಬಹುಕಾಲ ಅಮೆರಿಕದಲ್ಲಿದ್ದು ಆಗಷ್ಟೇ ತಾಯ್ನಾಡಿಗೆ ಮರಳಿದ್ದ ಶೂ ಬಿಂಗ್ ಜಾಗ ನೋಡಲು ಹೋದರು. ಕೂಲಿಯವರು ದುಡಿಯುತ್ತಿದ್ದ ಸ್ಥಿತಿ ಕಂಡು ಬೆಚ್ಚಿದರು.

ಹಳ್ಳಿಗಳಿಂದ ಬಂದ ಆ ಜನ ನಗರ ಕಟ್ಟುತ್ತಾರೆ, ಆದರೆ ನಗರದವರಲ್ಲ. ಚೀನಾದಲ್ಲಿ 1958ರಿಂದಿರುವ ‘ಹುಕೋವು’ ನೋಂದಣಿ ಮನುಷ್ಯನ ಹೆಸರನ್ನು ಅವನ ಊರಿಗೇ ಕಟ್ಟಿಹಾಕುತ್ತದೆ. ಊರು ಬಿಟ್ಟವರಿಗೆ ಮಕ್ಕಳ ಶಾಲೆಯಿಂದ ಆಸ್ಪತ್ರೆಯವರೆಗೆ ತೊಡಕು.

ಕಟ್ಟಡದ ಕೆಲಸದಲ್ಲಿ ಉಳಿದ ಗುಜರಿಯಿಂದಲೇ ಶೂ ಬಿಂಗ್ ಎರಡು ಫೀನಿಕ್ಸ್ ಹಕ್ಕಿ ಮಾಡಿದರು. ಗಂಡು ‘ಫೆಂಗ್’, ಹೆಣ್ಣು ‘ಹುವಾಂಗ್’. ಚೀನೀಯರ ಪಾಲಿಗೆ ಮಂಗಳದ ಹಕ್ಕಿಗಳು. ಸಲಿಕೆಗಳನ್ನು ಒಂದರ ಮೇಲೊಂದು ಜೋಡಿಸಿ ಗರಿ. ಕೂಲಿಯವರ ಹೆಲ್ಮೆಟ್ಟೇ ಜುಟ್ಟು. ಮೈಗೆ ಕಬ್ಬಿಣದ ತೊಲೆ, ಕೊಳವೆ. ಒಂದೊಂದೂ ಮೂವತ್ತು ಮೀಟರಿನ ಆಸುಪಾಸು ಉದ್ದ, ಎರಡೂ ಸೇರಿ ಸುಮಾರು 12 ಟನ್ ತೂಕ. ಕತ್ತಲಲ್ಲಿ ಮೈಮೇಲಿನ ಪುಟ್ಟ ದೀಪಗಳು ಹತ್ತಿದರೆ ಸಲಿಕೆ ಮರೆಯಾಗಿ ಆಕಾಶದ ಚುಕ್ಕಿಗಳಂತೆ ಕಾಣುತ್ತವೆ. ನನಗೇನೋ ಹಗಲಿನ ಹಕ್ಕಿಯೇ ಹೆಚ್ಚು ಇಷ್ಟ.

ಅಷ್ಟರಲ್ಲಿ ಜಗತ್ತಿನ ಹಣಕಾಸು ಕುಸಿಯಿತು. ಕೈಯಲ್ಲಿ ಕಾಸಿರಲಿಲ್ಲವೋ, ಗಾಜಿನ ಅಂಗಳಕ್ಕೆ ಗುಜರಿ ಒಪ್ಪಲಿಲ್ಲವೋ, ಮಾಲೀಕರು ಹಿಂದೆ ಸರಿದರು. ಕೆಲಸ ಮುಗಿಸಲು ಹಣ ಕೊಟ್ಟವರು ತೈವಾನಿನ ಉದ್ಯಮಿ, ಲ್ಯಾಪ್‌ಟಾಪ್ ತಯಾರಿಸಿಯೇ ಕೋಟ್ಯಧಿಪತಿಯಾದ ಬ್ಯಾರಿ ಲ್ಯಾಮ್. ಕೂಲಿಯ ಕಥೆ ಹೇಳುವ ಹಕ್ಕಿಗೂ ಸಾಹುಕಾರರ ಆಸರೆಯೇ ಬೇಕಾಯಿತು. 2014ರಲ್ಲಿ ಅವು ನ್ಯೂಯಾರ್ಕಿನ ಇಗರ್ಜಿಯೊಂದರಲ್ಲಿ ತೂಗಿದವು, ಮರುವರ್ಷ ವೆನಿಸ್ಸಿನಲ್ಲಿ.

ಚೀನಾದ ಇನ್ನೊಬ್ಬ ಕಲಾವಿದ ಜೆಂಗ್ ಫಾನ್‌ಜಿ 2001ರಲ್ಲಿ ಬರೆದ ‘ಕೊನೆಯ ಭೋಜನ’ದ ಪಾಡು ಇದಕ್ಕಿಂತ ವಿಚಿತ್ರ. ಡಾ ವಿಂಚಿಯ ಹೆಸರಾಂತ ಚಿತ್ರದ ವಿನ್ಯಾಸವೇ ಇಲ್ಲೂ. ಆದರೆ ಊಟಕ್ಕೆ ಕುಳಿತವರು ಮುಖವಾಡ ತೊಟ್ಟು ಕೊರಳಿಗೆ ಕಮ್ಯುನಿಸ್ಟ್ ಬಾಲದಳದ ಕೆಂಪು ವಸ್ತ್ರ ಕಟ್ಟಿದವರು, ಮೇಜಿನ ಮೇಲೆ ಕಲ್ಲಂಗಡಿ ಹೋಳು. ಯೂದನ ಕೊರಳಲ್ಲಿ ಮಾತ್ರ ಹೊಂಬಣ್ಣದ ಟೈ. ಬೆಳ್ಳಿ ನಾಣ್ಯಕ್ಕೆ ಗುರುವನ್ನು ಮಾರಿದವನು ಹೊಸ ಕಾಲದ ವ್ಯಾಪಾರಿಯಾಗಿದ್ದಾನೆ. 2013ರಲ್ಲಿ ಹಾಂಕಾಂಗಿನ ಹರಾಜಿನಲ್ಲಿ ಈ ಚಿತ್ರ 18 ಕೋಟಿ ಹಾಂಕಾಂಗ್ ಡಾಲರಿಗೆ ಹೋಯಿತು. ಏಷ್ಯಾದ ಸಮಕಾಲೀನ ಕಲೆಗೆ ಅದು ಆಗಿನ ದಾಖಲೆ ಬೆಲೆ. ಟೈ ಕಟ್ಟಿದವರು ಕೂಗಿ ಕೊಂಡ ಯೂದ ಎನ್ನಬೇಕೇನೋ.

ಸಿರಿವಂತಿಕೆ ಬರುವ ಮುನ್ನ ಚೀನೀಯರ ಮನೆ ಹೇಗಿತ್ತು ಎಂಬುದನ್ನು ನೋಡಲು ಅಲ್ಲಿನ ಕಲಾವಿದ ಸೊಂಗ್ ದೊಂಗ್ ಅವರ ಕೃತಿಯೊಂದಿದೆ. ಗಂಡ ತೀರಿಕೊಂಡ ದುಃಖದಲ್ಲಿ ಅವರ ತಾಯಿ ಮನೆಯಲ್ಲಿ ಸಾಮಾನು ಗುಡ್ಡೆ ಹಾಕುತ್ತಲೇ ಇದ್ದರು. ಮಗ 2005ರಲ್ಲಿ ಅದನ್ನೆಲ್ಲ ತಂದು ಪ್ರದರ್ಶನದಲ್ಲಿ ಸಾಲಾಗಿ ಹರಡಿದ: ಖಾಲಿ ಟೂತ್‌ಪೇಸ್ಟ್ ಟ್ಯೂಬು, ಬಾಟಲಿ ಮುಚ್ಚಳ, ಚೂರು ಬಟ್ಟೆ, ಹಳೆ ಚಪ್ಪಲಿ, ಹತ್ತು ಸಾವಿರಕ್ಕೂ ಹೆಚ್ಚು ವಸ್ತುಗಳು. ಅದರಲ್ಲಿ ಕಲ್ಲಿನಂತೆ ಒಣಗಿದ ಬಟ್ಟೆ ಸೋಪುಗಳೂ ಇದ್ದವು. ಸೋಪು ಪಡಿತರದಲ್ಲಿ ಸಿಗುತ್ತಿದ್ದ ಕಾಲದಲ್ಲಿ, ಮಕ್ಕಳಿಗೆ ಮುಂದೆ ಕೊರತೆಯಾಗದಿರಲೆಂದು ತಾಯಿ ಉಳಿಸಿಟ್ಟದ್ದು. ಮಗನ ಮದುವೆಯಾದಾಗ ಕೊಡಲು ಹೋದರೆ, ತಾನು ವಾಷಿಂಗ್ ಮಷೀನ್ ಬಳಸುತ್ತೇನೆ, ಬೇಡ ಎಂದನಂತೆ. ತಾಯಿ ಅದನ್ನೂ ಮತ್ತೆ ಎತ್ತಿಟ್ಟರು.