ಪಾಚಿಯಿಂದ ಬಣ್ಣ: ಒಣಗಿಸುವಾಗಲೇ ಅರ್ಧ ನಷ್ಟ

ತೆರಕಣಾಂಬಿ ಸುತ್ತಿನ ರೈತರಿಗೆ ಬಣ್ಣದ ಬೆಳೆ ಹೊಸದಲ್ಲ. ಅರಿಶಿನ ಬೇಯಿಸಿ ಒಣಗಿಸುವುದು ಇಲ್ಲಿ ಬಹಳ ಮನೆಗಳ ಕೆಲಸ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಕಡೆ ರಸ್ತೆಯ ಎರಡು ಬದಿಗೂ ಅರಳುವ ಚೆಂಡು ಹೂವಿನಲ್ಲಿ ಒಂದು ಪಾಲು ಹಾರಕ್ಕೂ ಕೇರಳದ ಓಣಂ ಹಬ್ಬಕ್ಕೂ ಹೋದರೆ, ಮತ್ತೊಂದು ಪಾಲು ಕರಾರಿನ ಮೇಲೆ ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಆ ಹೂವಿನಲ್ಲಿರುವ ಲೂಟೀನ್ ಎಂಬ ಹಳದಿ ಅಂಶ ಕೋಳಿ ಆಹಾರದ ಮೂಲಕ ಮೊಟ್ಟೆಯ ಹಳದಿಗೆ ಬಣ್ಣ ಕೊಡುತ್ತದೆ; ಕಣ್ಣಿಗೆ ಒಳ್ಳೆಯದೆಂದು ಮಾತ್ರೆಗಳಲ್ಲೂ ಸೇರುತ್ತದೆ.

ಇಂತಹ ಬಣ್ಣಗಳನ್ನು ಪಾಚಿಯಿಂದಲೂ ತೆಗೆಯಬಹುದು. ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿಗಳನ್ನು ತೊಟ್ಟಿಗಳಲ್ಲಿ ಬೆಳೆಸಿ, ನೀಲಿ, ಕೆಂಪು, ಕಿತ್ತಳೆ ಬಣ್ಣಗಳನ್ನು ಬೇರ್ಪಡಿಸುವ ಉದ್ಯಮ ಹಲವು ದೇಶಗಳಲ್ಲಿದೆ. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ (ಸಿ.ಎಫ್.ಟಿ.ಆರ್.ಐ.) 1970ರ ದಶಕದಲ್ಲಿಯೇ ಜರ್ಮನಿಯ ಸಹಕಾರದಿಂದ ಪಾಚಿ ಬೇಸಾಯದ ಪ್ರಯೋಗಗಳು ನಡೆದವು. ಡಾ. ಎಲ್.ವಿ. ವೆಂಕಟರಾಮನ್ ಅವರು ಆ ಕೆಲಸದಲ್ಲಿ ಪ್ರಮುಖರು. ಆಗ ಎಲ್ಲರ ಕಣ್ಣು ಪಾಚಿಯ ಸಸಾರಜನಕದ ಮೇಲಿತ್ತು. ಬಣ್ಣದ ಕಡೆಗೆ ಲಕ್ಷ್ಯ ಹರಿದದ್ದು ಆಮೇಲೆ.

ನೀಲಿ ಎಲ್ಲಿರುತ್ತದೆ?

ಸ್ಪಿರುಲಿನ ಎಂಬುದು ಸೋಡದ ನೀರಿನಲ್ಲಿ ಬೆಳೆಯುವ, ಸುರುಳಿ ಎಳೆಯಂತಹ ಜೀವಿ. ವಿಜ್ಞಾನಿಗಳು ಈಗ ಇದನ್ನು ಬ್ಯಾಕ್ಟೀರಿಯಾಗಳ ಗುಂಪಿಗೆ ಸೇರಿಸುತ್ತಾರೆ. ವಾಡಿಕೆಯಲ್ಲಿ ಮಾತ್ರ ಪಾಚಿಯೆಂದೇ ಹೆಸರು. ನೋಡಲು ಕಡು ಹಸಿರು. ಆ ಹಸಿರಿನ ಹಿಂದೆ ಫೈಕೋಸಯಾನಿನ್ ಎಂಬ ನೀಲಿ ಅಡಗಿದೆ. ಚೆನ್ನಾಗಿ ಬೆಳೆದ ಪಾಚಿಯಲ್ಲಿ ಒಣತೂಕದ 100ಕ್ಕೆ 10ರಿಂದ 15ರಷ್ಟು ಇದೇ ಇರುತ್ತದೆ. ತಿನ್ನುವ ಪದಾರ್ಥಗಳಿಗೆ ನೈಸರ್ಗಿಕ ನೀಲಿ ಸಿಗುವುದು ಬಹಳ ಅಪರೂಪ. ಅಮೆರಿಕದ ಆಹಾರ ಇಲಾಖೆ 2013ರಲ್ಲಿ ಮಿಠಾಯಿಗೂ ಚೂಯಿಂಗ್ ಗಮ್‌ಗೂ ಸ್ಪಿರುಲಿನದ ನೀಲಿಯನ್ನು ಬಳಸಲು ಅನುಮತಿ ಕೊಟ್ಟ ಮೇಲೆ ಇದಕ್ಕೆ ಬೇಡಿಕೆ ಇನ್ನೂ ಏರಿತು.

ಬೀಟ್‌ರೂಟ್ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಇಡೀ ಗಡ್ಡೆಯನ್ನು ಬೇಯಿಸಿದರೆ ಕೆಂಪು ಬಹುಪಾಲು ಒಳಗೇ ಉಳಿಯುತ್ತದೆ. ಹೆಚ್ಚಿದರೆ ನೀರೆಲ್ಲ ಕೆಂಪಾಗುತ್ತದೆ. ಬಣ್ಣ ಸಣ್ಣ ಸಣ್ಣ ಕೋಶಗಳ ಒಳಗಿರುವುದರಿಂದ, ಗೋಡೆ ಒಡೆದ ಹೊರತು ಹೊರಕ್ಕೆ ಬಾರದು. ಪಾಚಿಯಲ್ಲೂ ಹಾಗೆಯೇ. ಆದರೆ ಎಲ್ಲ ಪಾಚಿಯ ಗೋಡೆಯೂ ಒಂದೇ ಬಗೆಯದಲ್ಲ.

ಮೈಸೂರಿನಲ್ಲಿ ಕಂಡದ್ದು

ಸಿ.ಎಫ್.ಟಿ.ಆರ್.ಐ.ನ ಡಾ. ಆರ್. ಶಾರದಾ, ಡಾ. ಜಿ.ಎ. ರವಿಶಂಕರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗ ರೈತನ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು. ಅವರು ಸ್ಪಿರುಲಿನವನ್ನು ಬೇರೆ ಬೇರೆ ವಿಧದಲ್ಲಿ ಒಣಗಿಸಿ ನೀಲಿ ಎಷ್ಟು ಉಳಿಯಿತೆಂದು ಅಳೆದರು. ಒಣಗಿಸುವುದರಿಂದಲೇ ಸುಮಾರು ಅರ್ಧದಷ್ಟು ನೀಲಿ ನಷ್ಟವಾಗುವುದು ಕಂಡುಬಂತು. ಲೆಕ್ಕಕ್ಕೆ ಹೇಳುವುದಾದರೆ, 10 ಕಿಲೋ ಒಣತೂಕದ ಪಾಚಿಯಲ್ಲಿ 1 ಕಿಲೋ ನೀಲಿ ಇದೆಯೆಂದು ಇಟ್ಟುಕೊಳ್ಳಿ. ಒಣಗಿಸಿ ಮೂಟೆ ಕಟ್ಟುವ ಹೊತ್ತಿಗೆ ಉಳಿಯುವುದು ಅರ್ಧ ಕಿಲೋ. ತೂಕ ಮಾತ್ರ ಹಾಗೇ ಇರುವುದರಿಂದ ತಕ್ಕಡಿಗೆ ಈ ನಷ್ಟ ಕಾಣುವುದಿಲ್ಲ. ಬಣ್ಣ ತೆಗೆಯುವವನಿಗೆ ಕಾಣುತ್ತದೆ.

ಹಸಿ ಪಾಚಿಯನ್ನು ಮಂಜುಗಡ್ಡೆಯಾಗಿಸಿ ಮತ್ತೆ ಕರಗಿಸುವುದು, ಇಲ್ಲವೇ ಖಲ್ಲಿನಲ್ಲಿ ಚೆನ್ನಾಗಿ ಅರೆಯುವುದು ಇವೆರಡೇ ಹೆಚ್ಚು ಫಲ ಕೊಟ್ಟವೆಂದು ಅದೇ ಪ್ರಯೋಗ ತೋರಿಸಿತು. ಕೋಶದೊಳಗಿನ ನೀರು ಹೆಪ್ಪುಗಟ್ಟುವಾಗ ಹಿಗ್ಗಿ, ಅದರ ಮೊನೆಗಳು ಗೋಡೆಯನ್ನು ಸೀಳುತ್ತವೆ. ಸ್ಪಿರುಲಿನದ ಗೋಡೆ ತೆಳು; ಅಷ್ಟೇ ಸಾಕು. ಬಳಿಕ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ನೀರಿನಲ್ಲಿ ನೆನೆಸಿ ಸೋಸಿದರೆ ನೀಲಿ ನೀರಿಗೆ ಇಳಿಯುತ್ತದೆ. ಬಿಸಿಲಿಗೆ ಹಿಡಿದರೆ ಆ ನೀಲಿ ನೀರಿನಲ್ಲಿ ಕೆಂಪು ಮಿಂಚು ಕಾಣುವುದು ಇದರ ಒಂದು ಸೊಗಸು. ಶಾಖ 40 ಡಿಗ್ರಿ ಸೆಂಟಿಗ್ರೇಡ್ ಮೀರಿದರೆ ಬಣ್ಣ ನಿಲ್ಲದು. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಇಷ್ಟು ಕಾವು ಸುಲಭವಾಗಿ ಬರುತ್ತದೆಂಬುದನ್ನು ನೆನಪಿಡಬೇಕು.

ಕೆಂಪು ಬಣ್ಣದ ಕಥೆಯೇ ಬೇರೆ. ಹೆಮಟೋಕಾಕಸ್ ಎಂಬ ಹಸಿರು ಪಾಚಿಗೆ ಆಹಾರ ಕಡಿಮೆ ಮಾಡಿ, ಬಿಸಿಲೋ ಉಪ್ಪೋ ಹೆಚ್ಚಿಸಿದರೆ ಅದು ಬದುಕಿಕೊಳ್ಳಲು ದಪ್ಪ ಗೋಡೆ ಕಟ್ಟಿಕೊಂಡು ಒಳಗೆ ಕೆಂಪಾಗುತ್ತದೆ. ಆ ಕೆಂಪು, ಅಸ್ಟಾಜಾಂಥಿನ್, ಸೀಗಡಿ ಮತ್ತು ಮೀನಿನ ಆಹಾರಕ್ಕೆ ಬೇಕಾದದ್ದು. ಸ್ಪಿರುಲಿನ ಎಳನೀರಾದರೆ ಇದು ಒಣ ತೆಂಗಿನ ಚಿಪ್ಪು. ಡಾ. ಶಾರದಾ ಅವರ ತಂಡ 2006ರಲ್ಲಿ ಇದಕ್ಕೂ ದಾರಿ ಕಂಡಿತು: 70 ಡಿಗ್ರಿ ಶಾಖದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಿಂದ ಗೋಡೆಯನ್ನು ಮೆತ್ತಗೆ ಮಾಡಿ, ಅನಂತರ ಅಸಿಟೋನಿನಲ್ಲಿ ಬಣ್ಣ ಇಳಿಸಿದಾಗ 100ಕ್ಕೆ 86ರಿಂದ 94ರಷ್ಟು ಕೈಗೆ ಬಂತು. ಇದು ಪ್ರಯೋಗಾಲಯದ, ಕಾರ್ಖಾನೆಯ ಕೆಲಸ. ಆಮ್ಲವನ್ನೂ ಬೇಗ ಬೆಂಕಿ ಹಿಡಿಯುವ ಅಸಿಟೋನನ್ನೂ ಹಟ್ಟಿಯ ಪಕ್ಕದಲ್ಲಿ ಇಟ್ಟುಕೊಳ್ಳುವ ಸಾಹಸಕ್ಕೆ ಯಾರೂ ಹೋಗಬಾರದು.

ತೊಟ್ಟಿ ಕಟ್ಟುವ ಮುನ್ನ

ಪಾಚಿ ಬೇಸಾಯಕ್ಕೆ ಬೇಕಾದ ಬಿಸಿಲು ನಮ್ಮಲ್ಲಿದೆ. ನೀರಿನ ಮಾತೇ ಕಷ್ಟ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅಂತರ್ಜಲವನ್ನು ಮಿತಿಮೀರಿ ತೆಗೆದಾಗಿದೆ. ತೆರೆದ ತೊಟ್ಟಿಯಲ್ಲಿ ನೀರು ಆವಿಯಾಗುತ್ತಲೇ ಇರುತ್ತದೆ, ದಿನವೂ ತುಂಬಬೇಕು. ಕೊಳವೆಬಾವಿಯ ಗಡಸು ನೀರಿಗೆ ಸೋಡ ಬೆರೆಸಿದಾಗ ಸುಣ್ಣದಂಶ ಬಿಳಿಯಾಗಿ ತಳ ಸೇರುತ್ತದೆ, ಜೊತೆಗೆ ಪಾಚಿಯ ಗೊಬ್ಬರದ ರಂಜಕವನ್ನೂ ಎಳೆದೊಯ್ಯುತ್ತದೆ. ಆದ್ದರಿಂದ ಮೊದಲ ಖರ್ಚು ನೀರಿನ ಪರೀಕ್ಷೆಗೆ.

ಕೆರೆಯ ಮೇಲೆ ತೇಲುವ ಹಸಿರು ಕೆನೆಯನ್ನು ಸ್ಪಿರುಲಿನವೆಂದು ಭ್ರಮಿಸಬಾರದು. ಅಂತಹ ಕೆನೆಯಲ್ಲಿ ದನಗಳನ್ನು ಕೊಲ್ಲಬಲ್ಲ ವಿಷದ ಜಾತಿಗಳೂ ಇರುತ್ತವೆ. ಬಿತ್ತನೆ ಪಾಚಿಯನ್ನು ನಂಬಿಕೆಯ ಸಂಸ್ಥೆಯಿಂದಲೇ ತರಬೇಕು.

“ತೊಟ್ಟಿ, ಬೀಜ ನಾವು ಕೊಡುತ್ತೇವೆ, ಮಾಲು ನಾವೇ ಕೊಳ್ಳುತ್ತೇವೆ” ಎಂದು ಬರುವವರಿದ್ದರೆ ಮುಂಗಡ ಕೊಡುವ ಮೊದಲು ಕರಾರನ್ನು ಓದಿಸಿಕೊಳ್ಳಿ. ಕೊಳ್ಳುವುದು ಹಸಿಯಾಗಿಯೋ ಒಣಗಿಸಿಯೋ? ಬೆಲೆ ತೂಕದ ಮೇಲೋ, ನೀಲಿ ಅಂಶದ ಮೇಲೋ? ನೀಲಿಯನ್ನು ಅಳೆಯುವವರು ಯಾರು, ಆ ಚೀಟಿ ರೈತನ ಕೈಗೂ ಬರುತ್ತದೆಯೇ? ಒಣ ಮಾಲನ್ನೇ ಕೇಳಿ, ನೀಲಿಯ ಲೆಕ್ಕದಲ್ಲಿ ಬೆಲೆ ಕಟ್ಟುವ ಕರಾರಿನಲ್ಲಿ ಒಣಗಿಸುವಾಗಿನ ಅರ್ಧ ನಷ್ಟ ಪೂರ್ತಿ ರೈತನ ತಲೆಯ ಮೇಲೆ ಬೀಳುತ್ತದೆ. ಈ ಲೇಖಕನ ಅಭಿಪ್ರಾಯದಲ್ಲಿ ಒಬ್ಬೊಬ್ಬರೇ ತೊಟ್ಟಿ ಕಟ್ಟುವುದಕ್ಕಿಂತ ಹತ್ತು ಜನ ಸೇರಿ ಒಂದು ಶೈತ್ಯಪೆಟ್ಟಿಗೆ ಕೊಳ್ಳುವುದು ಮೇಲು. ಹಸಿ ಪಾಚಿ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ತೊಳೆದು, ಹಿಂಡಿ, ಆಗಲೇ ಮಂಜುಗಟ್ಟಿಸಿದರೆ ಮಾಲೂ ಉಳಿಯಿತು, ಗೋಡೆ ಒಡೆಯುವ ಮೊದಲ ಕೆಲಸವೂ ಆಯಿತು.

ಚೆಂಡು ಹೂವಿನವರಿಗೂ ಇದರಲ್ಲಿ ಒಂದು ಮಾತಿದೆ. ಕಾರ್ಖಾನೆಯಲ್ಲಿ ಹೂವನ್ನು ರಸಮೇವಿನ ಹಾಗೆ ಗಾಳಿಯಾಡದಂತೆ ಒತ್ತಿ ಹುಳಿ ಬರಿಸುವುದು, ಕೋಶ ಸಡಿಲಗೊಂಡು ಬಣ್ಣ ಸಲೀಸಾಗಿ ಬರಲೆಂದೇ. ಅದಕ್ಕೆ ಮುಂಚೆ ಹೊಲದ ಬದುವಿನಲ್ಲಿ ರಾಶಿ ಬಿದ್ದು ಕಾವೇರಿದ ಹೂವಿನಲ್ಲಿ ಬಣ್ಣ ಇಳಿದಿರುತ್ತದೆ. ಪೂರ್ತಿ ಅರಳಿದ ಹೂವನ್ನೇ ಕೊಯ್ದು, ನೆರಳಿನಲ್ಲಿ ತೆಳ್ಳಗೆ ಹರಡಿ, ಅದೇ ದಿನ ಗಾಡಿಗೆ ಏರಿಸತಕ್ಕದ್ದು.